ಹನ್ನೊಂದು ಮೀಟರ್ ತಾಮ್ರಕ್ಕೆ ಎರಡು ದಿನ

ಮಂಗಳೂರಿನ ಕದ್ರಿ ಕಡೆಯ ಒಂದು ಮನೆ, ಮೇ ತಿಂಗಳ ಸೆಕೆ. ಮಹಡಿಯ ಕೋಣೆಗೆ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ, ತಂಪು ಮಾಡುವ ಗ್ಯಾಸು ಆರ್-32. ಔಟ್‌ಡೋರ್ ಯೂನಿಟ್ ಇಡಲು ಜಾಗ ಸಿಕ್ಕಿದ್ದು ಹಿಂಬದಿಯ ಕೆಳಗಿನ ಸಜ್ಜದ ಮೇಲೆ. ಪೈಪ್ ಓಡಬೇಕಾದ ದಾರಿಯನ್ನು ಟೇಪಿನಲ್ಲಿ ಅಳೆದರೆ 11 ಮೀಟರ್. ಅದರಲ್ಲಿ ನಾಲ್ಕು ಮೀಟರ್ ಕೆಂಪುಕಲ್ಲಿನ ಗೋಡೆ ಕೊರೆದು ಒಳಗಿಟ್ಟು ಮುಚ್ಚುವಂಥದ್ದು.

"ಇವತ್ತು ರಾತ್ರಿಗೆ ಚಾಲೂ ಆಗುದಿಲ್ವಾ? ಗ್ಯಾಸು ಔಟ್‌ಡೋರಿನ ಒಳಗೇ ಉಂಟಲ್ಲ?" ಮನೆಯ ಅಮ್ಮ ಕೇಳಿದರು.

"ಉಂಟು ಅಮ್ಮಾ. ಪೈಪು ಗಟ್ಟಿ ಉಂಟಾ ಅಂತ ನೋಡದೆ ಅದನ್ನು ಬಿಡ್ಲಿಕ್ಕೆ ಆಗುದಿಲ್ಲ. ನಾಳೆ ಮಧ್ಯಾಹ್ನಕ್ಕೆ ಮಾಡಿ ಕೊಡ್ತೇವೆ."

ಗೋಡೆಯೊಳಗೆ ಹೋಗುವ ತಾಮ್ರದಲ್ಲಿ ಜೋಡಣೆ ಇರಬಾರದು. ಹಾಗಾಗಿ ಎಸಿ ಜೊತೆ ಬಂದ ಮೂರು ಮೀಟರಿನ ಪೈಪಿಗೆ ಇನ್ನೊಂದು ತುಂಡು ಬೆಸೆಯುವ ಬದಲು 15 ಮೀಟರಿನ ಹೊಸ ಸುರುಳಿಯನ್ನೇ ಬಿಚ್ಚಿದ್ದಾಯಿತು. ದ್ರವ ಹೋಗುವ ತೆಳು ಪೈಪ್ ಕಾಲಿಂಚು, ಗ್ಯಾಸು ಮರಳುವ ದಪ್ಪ ಪೈಪ್ ಅರ್ಧ ಇಂಚು, ಗೋಡೆದಪ್ಪ 0.8 ಮಿಲಿಮೀಟರ್. ಸುರುಳಿಯ ಎರಡೂ ತುದಿಯಲ್ಲಿ ಮುಚ್ಚಳ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಕರಾವಳಿಯ ಗಾಳಿಗೆ ಒಂದು ವಾರ ಬಾಯಿ ತೆರೆದು ಬಿದ್ದಿದ್ದ ಪೈಪಿನ ಒಳಗೆ ತೇವವೂ ಇರುತ್ತದೆ, ಧೂಳೂ ಇರುತ್ತದೆ. ಗೋಡೆಯ ತೂತಿನಲ್ಲಿ ಪೈಪ್ ತೂರಿಸುವಾಗಲೂ ಬಾಯಿಗೆ ಟೇಪ್ ಇರಲೇಬೇಕು. ಇಲ್ಲದಿದ್ದರೆ ಕೆಂಪುಕಲ್ಲಿನ ಪುಡಿ ನೇರವಾಗಿ ಒಳಗೆ ಹೋಗುತ್ತದೆ.

ಪೈಪಿನ ಮೇಲೆ ಶಾಖ ತಡೆಯುವ ಹೊದಿಕೆ, ಅಂದರೆ ಇನ್ಸುಲೇಶನ್, ಎಷ್ಟು ದಪ್ಪ ಇರಬೇಕು ಎಂಬ ಪ್ರಶ್ನೆ ಬರುವುದು ಇಲ್ಲಿ. ಎಸಿ ಜೊತೆ ಬರುವ ಪೈಪಿನ ಮೇಲೆ ಸಾಮಾನ್ಯವಾಗಿ 9 ಮಿಲಿಮೀಟರ್ ಸುಮಾರಿನ ಸ್ಪಂಜು ಇರುತ್ತದೆ. ಒಣ ಹವೆಯ ಕಲಬುರಗಿಯಲ್ಲಿ ಬೇಸಿಗೆಯಿಡೀ ಅದು ಸಾಕಾಗಬಹುದು. ಮಂಗಳೂರಿನಲ್ಲಿ ಸಾಲದು, ಕಾರಣ ಲೆಕ್ಕದಲ್ಲೇ ಸಿಗುತ್ತದೆ. ಹೊರಗಿನ ಗಾಳಿ 32 ಡಿಗ್ರಿ, ತೇವಾಂಶ ಶೇಕಡಾ 80 ಇದ್ದರೆ 28 ಡಿಗ್ರಿಗಿಂತ ತಣ್ಣಗಿನ ಯಾವ ಮೈಯಾದರೂ ಬೆವರುತ್ತದೆ. ಪೈಪಿನ ಮೈ 7 ಡಿಗ್ರಿ ಎಂದಿಟ್ಟುಕೊಳ್ಳಿ. ಅರ್ಧ ಇಂಚಿನ ಪೈಪಿಗೆ 9 ಮಿಲಿಮೀಟರ್ ನೈಟ್ರೈಲ್ ರಬ್ಬರ್ ತೊಡಿಸಿದರೆ ಅದರ ಹೊರಮೈ ಸುಮಾರು 26 ಡಿಗ್ರಿಯಲ್ಲಿ ನಿಲ್ಲುತ್ತದೆ, ಅಂದರೆ ಬೆವರುತ್ತದೆ. 13 ಮಿಲಿಮೀಟರಿಗೆ ಸರಿಯಾಗಿ 28ರ ಗಡಿಯಲ್ಲಿ ತೂಗಾಡುತ್ತದೆ. 19 ಮಿಲಿಮೀಟರ್ ಆದರೆ 29 ದಾಟಿ ಒಣಗಿ ಉಳಿಯುತ್ತದೆ. ಗಾಳಿಯಾಡದ ಫಾಲ್ಸ್ ಸೀಲಿಂಗ್ ಮೇಲಾದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಈ ಮನೆಗೆ ದಪ್ಪ ಪೈಪಿಗೆ 19, ತೆಳು ಪೈಪಿಗೆ 13 ಹಾಕಿದ್ದು ಇದೇ ಲೆಕ್ಕದ ಮೇಲೆ. ಪೈಪ್ ತೆಳುವಾದಷ್ಟೂ ಅದೇ ದಪ್ಪದ ರಬ್ಬರ್ ಹೆಚ್ಚು ಕೆಲಸ ಮಾಡುತ್ತದೆ. ಎರಡನ್ನೂ ಜೋಡಿಸಿದರೆ 83 ಮಿಲಿಮೀಟರ್ ಅಗಲ. ಗೋಡೆ ಕೊರೆಯುವವರು ಎರಡಿಂಚಿನ ಗ್ರೂವ್ ತೆಗೆದು ಹೋಗಿದ್ದರು; ಅವರನ್ನು ಮತ್ತೆ ಕರೆಸಿ ಒಂಬತ್ತು ಸೆಂಟಿಮೀಟರಿಗೆ ಅಗಲ ಮಾಡಿಸಬೇಕಾಯಿತು. ಕಿರಿದಾದ ಗ್ರೂವಿನಲ್ಲಿ ರಬ್ಬರನ್ನು ಒತ್ತಿ ತುರುಕಿದರೆ 19 ಎಂಬುದು ಹೆಸರಿಗೆ ಮಾತ್ರ, ಅಮುಕಿದ ಜಾಗದಲ್ಲಿ ಅದು ಎಂಟೋ ಹತ್ತೋ ಆಗಿರುತ್ತದೆ.

ತೆಳು ಪೈಪಿಗೆ ಇನ್ಸುಲೇಶನ್ ಬೇಕಿಲ್ಲ, ಅದು ಬೆಚ್ಚಗಿರುತ್ತದೆ ಎನ್ನುವವರು ಈಗಲೂ ಇದ್ದಾರೆ. ಫ್ರಿಜ್ಜಿನ ಪಾಠವನ್ನು ಇಲ್ಲಿಗೆ ತಂದದ್ದರಿಂದ ಆದ ತಪ್ಪು ಇದು. ಮನೆಯ ಸ್ಪ್ಲಿಟ್ ಎಸಿಗಳಲ್ಲಿ ದ್ರವದ ಒತ್ತಡ ಇಳಿಸಿ ತಣ್ಣಗಾಗಿಸುವ ಕ್ಯಾಪಿಲರಿ ಅಥವಾ ಎಕ್ಸ್‌ಪಾನ್ಶನ್ ವಾಲ್ವ್ ಸಾಮಾನ್ಯವಾಗಿ ಔಟ್‌ಡೋರಿನಲ್ಲೇ ಇರುತ್ತದೆ. ಅದನ್ನು ದಾಟಿ ಬಂದ ದ್ರವ ಆಗಲೇ ತಣ್ಣಗಾಗಿರುತ್ತದೆ, ಹಾಗಾಗಿ ಎರಡು ಪೈಪೂ ಬೆವರುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಮುಚ್ಚಬೇಕು. ಒಂದೇ ಕೊಳವೆಯೊಳಗೆ ಎರಡನ್ನೂ ತೂರಿಸಬಾರದು.

ರಬ್ಬರ್ ಕೊಳವೆಯನ್ನು ಸೀಳದೆ, ತುದಿಯಿಂದಲೇ ಜಾರಿಸಿ ತೊಡಿಸಿದೆವು. ಎರಡು ಮೀಟರಿಗೊಂದು ಬರುವ ಸಂದಿಗೆ ಅಂಟು ಹಚ್ಚಿ ಮುಖಕ್ಕೆ ಮುಖ ಒತ್ತಿ, ಮೇಲೆ ನೈಟ್ರೈಲ್ ಟೇಪ್. ಬರೀ ಟೇಪ್ ಸುತ್ತಿದ ಸಂದಿ ಒಂದು ಮಳೆಗಾಲದಲ್ಲೇ ಬಾಯಿ ಬಿಡುತ್ತದೆ. ಒಂದು ಕಡೆ ಒಳನುಗ್ಗಿದ ಆವಿ ಪೈಪಿನ ಉದ್ದಕ್ಕೂ ಹರಿದು, ತಣ್ಣಗಾಗಿ, ನೀರಾಗಿ ಅಲ್ಲೇ ನಿಲ್ಲುತ್ತದೆ. ನೀರು ಶಾಖವನ್ನು ಈ ರಬ್ಬರಿಗಿಂತ ಹದಿನೈದು ಪಟ್ಟಿಗೂ ಹೆಚ್ಚು ಸಾಗಿಸುತ್ತದೆ. ನೆನೆದ ಇನ್ಸುಲೇಶನ್ ಇದ್ದೂ ಇಲ್ಲದಂತೆ. ಆಮೇಲೆ ಗೋಡೆಯಲ್ಲಿ ಪೈಪ್ ಓಡಿದ ದಾರಿಯಲ್ಲೇ ಪಟ್ಟಿಯಂತೆ ಬಣ್ಣ ಉಬ್ಬುತ್ತದೆ. ಮನೆಯವರು ನೀರು ಹೋಗುವ ಡ್ರೈನ್ ಪೈಪ್ ಕಟ್ಟಿಕೊಂಡಿದೆ ಎಂದುಕೊಳ್ಳುತ್ತಾರೆ, ಬಂದವರು ಡ್ರೈನ್ ಊದಿ ದುಡ್ಡು ತೆಗೆದುಕೊಂಡು ಹೋಗುತ್ತಾರೆ.

ನಾಲ್ಕೂ ತುದಿಯ ಜೋಡಣೆಗಳ ಮೇಲೆ ಮಾತ್ರ ಒಂದು ಗೇಣು ತಾಮ್ರ ಬರಿದಾಗಿಯೇ ಬಿಟ್ಟದ್ದು. ಸೋರಿಕೆ ಇಲ್ಲ ಎಂದು ಖಚಿತವಾಗುವ ತನಕ ಜೋಡಣೆ ಮುಚ್ಚಬಾರದು.

ನಟ್ಟಿನಲ್ಲಿ ಬಿಗಿಯಲು ಪೈಪಿನ ಬಾಯಿ ಅರಳಿಸುವ ಫ್ಲೇರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಕಸುಬಿನವರಿಗೆ ಗೊತ್ತಿದ್ದದ್ದೇ. ಕಟರಿನಿಂದ ನಿಧಾನಕ್ಕೆ ಕತ್ತರಿಸಿ, ಪೈಪಿನ ಬಾಯಿ ಕೆಳಗೆ ಮಾಡಿ ಒಳಗಿನ ಚೂಪು ಕೆರೆದು, ನಟ್ ಮೊದಲೇ ತೂರಿಸಿ, ಆಮೇಲೆ ಬಾಯಿ ಅರಳಿಸುವುದು. ಅರ್ಧ ಇಂಚಿನ ಪೈಪಿಗೆ ಅರಳಿದ ಬಾಯಿಯ ಅಗಲ 16.2ರಿಂದ 16.6 ಮಿಲಿಮೀಟರ್ ಒಳಗೆ ಇರಬೇಕು. ಟಾರ್ಕ್ ಸ್ಪ್ಯಾನರಿನಲ್ಲಿ ಕಾಲಿಂಚಿಗೆ 14ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ 50ರಿಂದ 60. ಕೈಬಲದಲ್ಲಿ ಬಿಗಿದರೆ ಕಾಲಿಂಚಿನದು ಹೆಚ್ಚಾಗಿ ಬಾಯಿ ಹಿಸಿಯುತ್ತದೆ, ಅರ್ಧ ಇಂಚಿನದು ಸಾಲದೆ ಸೋರುತ್ತದೆ.

ಸೋರಿಕೆ ಪರೀಕ್ಷೆಗೆ ಸಂಜೆ ಐದೂವರೆಗೆ ನೈಟ್ರೋಜನ್ ಬಿಟ್ಟೆವು. ಔಟ್‌ಡೋರಿನ ಎರಡೂ ವಾಲ್ವ್ ಮುಚ್ಚಿಯೇ ಇರುತ್ತವೆ, ಒಳಗಿನ ಗ್ಯಾಸು ಕದಲುವುದಿಲ್ಲ. ಹೋಸ್ ಸಿಕ್ಕಿಸುವ ಸರ್ವಿಸ್ ಪೋರ್ಟಿನಿಂದ ಹೋದ ನೈಟ್ರೋಜನ್ ಪೈಪ್ ಮತ್ತು ಇಂಡೋರ್ ಕಾಯಿಲ್ ಎರಡನ್ನೂ ತುಂಬುತ್ತದೆ. ಸಿಲಿಂಡರಿನ ಒಳಗೆ ಒತ್ತಡ 2000 ಪಿಎಸ್‌ಐಗೂ (ಚದರ ಇಂಚಿಗೆ ಪೌಂಡ್) ಮೇಲೆ ಇರುವುದರಿಂದ ರೆಗ್ಯುಲೇಟರ್ ಇಲ್ಲದೆ ಹೋಸ್ ಸಿಕ್ಕಿಸುವ ಮಾತೇ ಇಲ್ಲ. ವೆಲ್ಡಿಂಗ್ ಸೆಟ್ಟಿನ ಆಕ್ಸಿಜನ್ ಕೈಗೆ ಸಿಗುತ್ತದೆಂದು ಅದನ್ನು ಬಿಟ್ಟರೆ ಒಳಗಿನ ಎಣ್ಣೆಯ ಜೊತೆ ಸೇರಿ ಸ್ಫೋಟವಾಗುತ್ತದೆ, ಅದರಿಂದ ಪ್ರಾಣ ಹೋಗುತ್ತದೆ. ಮೊದಲು 70 ಪಿಎಸ್‌ಐ ಬಿಟ್ಟು ಐದು ನಿಮಿಷ, ಆಮೇಲೆ 200 ಬಿಟ್ಟು ಐದು ನಿಮಿಷ, ಕೊನೆಗೆ ಎರಡೂ ಯೂನಿಟ್ಟಿನ ಫಲಕದ ಮೇಲಿನ ಮಿತಿ ನೋಡಿಕೊಂಡು 500. ಇಷ್ಟು ಯಾಕೆಂದರೆ, 30 ಡಿಗ್ರಿಯಲ್ಲಿ ಎಸಿ ಆಫ್ ಇದ್ದಾಗಲೂ ಪೈಪಿನೊಳಗೆ ಆರ್-32 ಸುಮಾರು 265 ಪಿಎಸ್‌ಐನಲ್ಲಿ ನಿಂತಿರುತ್ತದೆ. 150ಕ್ಕೆ ಸೋರದೆ ನಿಂತಿತು ಎಂದರೆ ಏನೂ ಸಾಬೀತಾಗಲಿಲ್ಲ.

ಡಿಜಿಟಲ್ ಗೇಜಿನಲ್ಲಿ 500, ನೆರಳಿನ ಥರ್ಮಾಮೀಟರಿನಲ್ಲಿ 32 ಡಿಗ್ರಿ. ಎರಡನ್ನೂ ಬರೆದಿಟ್ಟು ಹೊರಟದ್ದು.

ಮರುದಿನ ಏಳು ಗಂಟೆಗೆ 26 ಡಿಗ್ರಿ, ಗೇಜಿನಲ್ಲಿ 470. ಬಿಸಿಲು ಇಳಿದರೆ ಒತ್ತಡವೂ ಇಳಿಯುವುದು ಸಹಜ. 500 ಪಿಎಸ್‌ಐ ಆಸುಪಾಸಿನಲ್ಲಿ ಡಿಗ್ರಿಗೆ 1.7 ಪಿಎಸ್‌ಐ ಲೆಕ್ಕ. ಆರು ಡಿಗ್ರಿಗೆ ಹತ್ತು ಇಳಿದು 490 ಇರಬೇಕಿತ್ತು. ಉಳಿದ 20 ಎಲ್ಲೋ ಸೋರಿದೆ. ರಾತ್ರಿಯಿಡೀ ಬಿಡದೆ ಅರ್ಧ ಗಂಟೆ ನೋಡಿ ಹೋಗಿದ್ದರೆ ಸೋರಿಕೆಯಿಂದ ಇಳಿಯುತ್ತಿದ್ದದ್ದು ಸುಮಾರು ಮುಕ್ಕಾಲು ಪಿಎಸ್‌ಐ, ಅದನ್ನು ಮುಳ್ಳಿನ ಗೇಜ್ ತೋರಿಸುವುದೇ ಇಲ್ಲ.

ಸೋಪಿನ ನೀರಿನಲ್ಲಿ ಔಟ್‌ಡೋರಿನ ಎರಡು ನಟ್ಟುಗಳಿಂದ ಏನೂ ಬರಲಿಲ್ಲ. ಇಂಡೋರಿನ ಕಾಲಿಂಚಿನದರಲ್ಲೂ ಇಲ್ಲ. ಅರ್ಧ ಇಂಚಿನ ನಟ್ಟಿಗೆ ದಪ್ಪ ನೊರೆ ಹಚ್ಚಿ ಟಾರ್ಚ್ ಹಿಡಿದು ಕೂತರೆ ಮೊದಲ ಮೂರು ನಿಮಿಷ ಸುಮ್ಮನಿತ್ತು. ಆಮೇಲೆ ನಟ್ಟಿನ ಹಿಂಬದಿ, ಪೈಪ್ ಹೊರಗೆ ಬರುವ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗುಳ್ಳೆಗಳು ಒಂದರ ಪಕ್ಕ ಒಂದು ಹುಟ್ಟಿ ಕೆನೆಯಂತೆ ಕೂಡಿಕೊಂಡವು. ದೊಡ್ಡ ಸೋರಿಕೆ ಗುಳ್ಳೆ ಊದುತ್ತದೆ, ಸಣ್ಣದು ಹೀಗೆ ಕೆನೆಗಟ್ಟುತ್ತದೆ. ಎರಡು ಸೆಕೆಂಡು ಸೋಪು ಹಚ್ಚಿ ಒರೆಸಿಬಿಟ್ಟರೆ ಇದು ಸಿಗುವುದಿಲ್ಲ.

ಒತ್ತಡ ಪೂರ್ತಿ ಬಿಟ್ಟು ನಟ್ ಬಿಚ್ಚಿದಾಗ ಅರಳಿದ ಬಾಯಿಯ ಒಳಮೈಯಲ್ಲಿ ಒಂದು ಗೀರು. ಕೆರೆದಾಗ ಉಳಿದ ತಾಮ್ರದ ಎಳೆಯೊಂದು ಬಾಯಿ ಅರಳಿಸುವ ಕೋನಿನ ಕೆಳಗೆ ಸಿಕ್ಕಿ ಒತ್ತಿದ ಗುರುತು. ಇಂಥದ್ದನ್ನು ಇನ್ನಷ್ಟು ಬಿಗಿದು ಸರಿಮಾಡಲಾಗದು. ಕತ್ತರಿಸಿ ಹೊಸ ಬಾಯಿ ಮಾಡಿ, ಎದುರುಬದುರು ಮೈಗೆ ಎಸಿ ಎಣ್ಣೆಯ ಒಂದು ತೊಟ್ಟು ಹಚ್ಚಿ ಬಿಗಿದೆವು. ಒಂಬತ್ತೂಕಾಲಕ್ಕೆ 28 ಡಿಗ್ರಿಯಲ್ಲಿ ಮತ್ತೆ 500. ಹನ್ನೊಂದೂಕಾಲಕ್ಕೆ 30 ಡಿಗ್ರಿಯಲ್ಲಿ 503. ಎರಡು ಡಿಗ್ರಿಗೆ ಮೂರು ಏರಬೇಕು, ಏರಿದೆ.

ಆಮೇಲೆ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ ಮತ್ತು ತೇವವನ್ನು ಪಂಪಿನಿಂದ ಎಳೆದು ತೆಗೆಯುವುದು. ಪಂಪಿಲ್ಲದೆ ಔಟ್‌ಡೋರಿನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನ ಗಾಳಿ ಹೊರಗೆ ತಳ್ಳುವ ಪದ್ಧತಿ ಊರೂರಲ್ಲಿ ಇದೆ. ಆರ್-32 ಉರಿಯುವ ಗುಣವಿರುವ ಗ್ಯಾಸು. ಅದು ಒಂದು ಮಾತು. ಹೊರಗೆ ಎಷ್ಟು ಹೋಯಿತೆಂದು ತೂಕ ಸಿಗುವುದಿಲ್ಲ, ಒಳಗಿನ ತೇವವೂ ಹೋಗುವುದಿಲ್ಲ. ಈಗಿನ ಎಸಿಗಳ ಸಿಂಥೆಟಿಕ್ ಎಣ್ಣೆ ನೀರನ್ನು ಹೀರಿಕೊಳ್ಳುತ್ತದೆ. ಅದರಲ್ಲಿ ಪಿಒಇ ಎಂಬ ಬಗೆಯ ಎಣ್ಣೆಯಾದರೆ ಆ ನೀರಿನ ಜೊತೆ ಸೇರಿ ಆಮ್ಲವಾಗುತ್ತದೆ, ಎರಡು ಮೂರು ವರ್ಷಕ್ಕೆ ಕಂಪ್ರೆಸರಿನ ವೈಂಡಿಂಗ್ ತಿನ್ನುತ್ತದೆ. ಆಗ ಯಾರಿಗೂ ಮೊದಲ ದಿನದ ನೆನಪಿರುವುದಿಲ್ಲ.

ಸಾಮಾನ್ಯ ಗೇಜಿನ ಮುಳ್ಳು ಐದು ನಿಮಿಷಕ್ಕೇ ಮೈನಸ್ 30ಕ್ಕೆ ಹೋಗಿ ಕೂರುತ್ತದೆ. ಅಲ್ಲಿಂದ ಮುಂದಿನದನ್ನು ಅದು ತೋರಿಸಲಾರದು, ಅದಕ್ಕೆ ತೀರ ಕಡಿಮೆ ಒತ್ತಡವನ್ನು ಅಳೆಯುವ ಮೈಕ್ರಾನ್ ಗೇಜ್ ಬೇಕು. 30 ಡಿಗ್ರಿಯಲ್ಲಿ ನೀರು ಕುದಿಯುವುದು ಸುಮಾರು 32,000 ಮೈಕ್ರಾನಿನಲ್ಲಿ. ಅದಕ್ಕಿಂತ ತುಂಬಾ ಕೆಳಗೆ, 500ರ ಒಳಗೆ ಇಳಿಸಿದರೆ ತೇವ ಆವಿಯಾಗಿ ಪಂಪಿಗೆ ಬರುತ್ತದೆ. ಪೋರ್ಟಿನೊಳಗಿನ ಪಿನ್ ತೆಗೆಯುವ ಟೂಲ್ ಹಾಕಿ, ಗೇಜನ್ನು ಪಂಪಿನ ಬಳಿ ಇಡದೆ ಆ ಟೂಲಿನ ಪಕ್ಕದ ಬಾಯಿಗೇ ಕೊಟ್ಟೆವು. ಪಂಪಿನ ಬಳಿ ಇಟ್ಟರೆ ಅದು ಪಂಪಿನ ಒತ್ತಡ ಹೇಳುತ್ತದೆ, ಪೈಪಿನದಲ್ಲ.

ಅವತ್ತು 1,400ಕ್ಕೆ ಬಂದು ನಿಂತುಬಿಟ್ಟಿತು. ಪಂಪಿನ ಗಾಜಿನಲ್ಲಿ ನೋಡಿದರೆ ಎಣ್ಣೆ ಮಜ್ಜಿಗೆ ನೀರಿನ ಹಾಗೆ. ಕರಾವಳಿಯಲ್ಲಿ ಪಂಪಿನ ಎಣ್ಣೆ ಬೇಗ ನೀರು ಹೀರುತ್ತದೆ, ಮಳೆಗಾಲ ಹತ್ತಿರ ಬಂದಾಗ ನಾಲ್ಕೈದು ಕೆಲಸಕ್ಕೊಮ್ಮೆ ಬದಲಿಸಬೇಕು. ಬಿಸಿ ಇದ್ದಾಗಲೇ ಸುರಿದು ಹೊಸದು ಹಾಕಿದ ಮೇಲೆ ನಲವತ್ತು ನಿಮಿಷಕ್ಕೆ 350. ಪಂಪಿನ ಕಡೆ ಮುಚ್ಚಿ ಹತ್ತು ನಿಮಿಷ ಕಾದಾಗ ನಿಧಾನಕ್ಕೆ 620ಕ್ಕೆ ಏರಿ ಅಲ್ಲೇ ನಿಂತಿತು. ಸಾವಿರದ ಒಳಗೆ ನಿಂತರೆ ಸರಿ. ಎರಡು ಸಾವಿರದ ಹತ್ತಿರ ಹೋಗಿ ನಿಂತರೆ ಒಳಗೆ ತೇವ ಇದೆ. ನಿಲ್ಲದೆ ಏರುತ್ತಲೇ ಇದ್ದರೆ ಸೋರಿಕೆ.

ಈ ಮಾಡೆಲಿನ ಪುಸ್ತಕದ ಪ್ರಕಾರ ಔಟ್‌ಡೋರಿನಲ್ಲಿ ತುಂಬಿ ಬಂದ 850 ಗ್ರಾಂ ಐದು ಮೀಟರ್ ಪೈಪಿಗೆ ಸಾಕು, ಮುಂದಿನ ಪ್ರತಿ ಮೀಟರಿಗೆ 20 ಗ್ರಾಂ. ಉಳಿದ ಆರು ಮೀಟರಿಗೆ 120 ಗ್ರಾಂ. ಈ ಅಂಕಿ ಮಾಡೆಲಿನಿಂದ ಮಾಡೆಲಿಗೆ ಬೇರೆ. ಇಲ್ಲಿ ಎಡವುವುದು ಹೋಸಿನ ವಿಷಯದಲ್ಲಿ. ಒಂದೂವರೆ ಮೀಟರ್ ಹೋಸಿನಲ್ಲಿ ದ್ರವ ತುಂಬಿಕೊಂಡರೆ 25ರಿಂದ 30 ಗ್ರಾಂ ಅಲ್ಲೇ ಉಳಿಯುತ್ತದೆ, 120ರಲ್ಲಿ ಅದು ಕಾಲು ಭಾಗ. ಹೋಸಿನ ಗಾಳಿ ತೆಗೆದು, ವಾಲ್ವಿನ ತನಕ ದ್ರವ ತುಂಬಿಸಿ, ಆಮೇಲೆ ತೂಕದ ಯಂತ್ರ ಸೊನ್ನೆ ಮಾಡಬೇಕು. ಪೈಪಿನಲ್ಲಿ ವ್ಯಾಕ್ಯೂಮ್ ಇರುವುದರಿಂದ ಕಂಪ್ರೆಸರ್ ಆಫ್ ಇದ್ದಾಗಲೇ 120 ಗ್ರಾಂ ಒಳಗೆ ಹೋಯಿತು. ಆಮೇಲೆ ಅಲೆನ್ ಕೀಯಲ್ಲಿ ಮೊದಲು ತೆಳು ಪೈಪಿನ ವಾಲ್ವ್, ನಂತರ ದಪ್ಪದ್ದು, ಎರಡನ್ನೂ ಪೂರ್ತಿ ತೆರೆದದ್ದು.

ಎಸಿ ಓಡುವಾಗ ಗೇಜ್ ನೋಡಿ "120 ಪಿಎಸ್‌ಐ ಬಂತು, ಇನ್ನು ಸ್ವಲ್ಪ" ಎಂದು ಗ್ಯಾಸು ತುಂಬುವುದು ಇನ್ವರ್ಟರ್ ಯಂತ್ರದಲ್ಲಿ ನಡೆಯುವುದಿಲ್ಲ. ಕಂಪ್ರೆಸರ್ ವೇಗ ಬದಲಾದಂತೆ ಒತ್ತಡ ಬದಲಾಗುತ್ತದೆ. ಕೋಣೆ ತಣ್ಣಗಾದಾಗ ಒಂದು, ಬಾಗಿಲು ತೆರೆದಾಗ ಇನ್ನೊಂದು. ತೂಕವೊಂದನ್ನೇ ನಂಬಬೇಕು.

ಟೆಸ್ಟ್ ಮೋಡಿನಲ್ಲಿ ಇಪ್ಪತ್ತು ನಿಮಿಷ ಓಡಿಸಿದಾಗ ಒಳಹೋಗುವ ಗಾಳಿ 28, ಹೊರಬರುವುದು 15 ಡಿಗ್ರಿ. ಜೋಡಣೆಗಳಿಗೆ ಈ ಸಲ ಗ್ಯಾಸ್ ಡಿಟೆಕ್ಟರ್ ಹಿಡಿದೆವು, ನೈಟ್ರೋಜನ್ ಇದ್ದಾಗ ಅದು ಏನನ್ನೂ ಹೇಳುವುದಿಲ್ಲ. ನಂತರ ಎಸಿ ಆಫ್ ಮಾಡಿ, ಬರಿದಾಗಿದ್ದ ತಾಮ್ರ ಬೆವರಿದ್ದನ್ನು ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ನಾಲ್ಕು ಜೋಡಣೆಗಳಿಗೂ ಅದೇ ರಬ್ಬರ್ ತೊಡಿಸಿ ಅಂಟು ಹಾಕಿದ್ದು. ಒದ್ದೆ ತಾಮ್ರದ ಮೇಲೆ ಅಂಟು ಹಿಡಿಯದು, ಒಳಗೆ ನೀರನ್ನೂ ನಾವೇ ಮುಚ್ಚಿಟ್ಟಂತಾಗುತ್ತದೆ. ಹೊರಗಿನ ಓಟಕ್ಕೆ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಅರ್ಧದಷ್ಟು ಒಂದರ ಮೇಲೊಂದು ಬರುವಂತೆ ಸುತ್ತಬೇಕು, ಹಂಚು ಹೊದಿಸಿದ ಹಾಗೆ. ಆಗ ಮಳೆನೀರು ಮಡಿಕೆಯೊಳಗೆ ಇಳಿಯುವುದಿಲ್ಲ. ಅದರ ಮೇಲೆ ಬಿಸಿಲು ತಡೆಯಲು ಪಿವಿಸಿ ಕವಚ (ಟ್ರಂಕಿಂಗ್). ಬಿಸಿಲಿಗೆ ಬಿದ್ದ ನೈಟ್ರೈಲ್ ರಬ್ಬರ್ ಬಿರುಕು ಬಿಟ್ಟು ಪುಡಿಯಾಗುತ್ತದೆ. ಗೋಡೆಯ ತೂತಿಗೆ ಹೊರಗೆ ಇಳಿಜಾರು, ಸುತ್ತ ಪುಟ್ಟಿ, ತೂತಿಗೆ ಮುನ್ನ ಪೈಪ್ ಒಂದು ಗೇಣು ಕೆಳಗೆ ಬಾಗಿ ಏರುವಂತೆ.

ವಾಲ್ವಿನ ಹಿತ್ತಾಳೆ ಮುಚ್ಚಳಗಳನ್ನು ಕೈಯಲ್ಲಿ ತಿರುಗಿಸಿ ಬಿಡದೆ ಸ್ಪ್ಯಾನರಿನಲ್ಲಿ ಬಿಗಿದೆವು. ತೆರೆದ ವಾಲ್ವಿನಲ್ಲಿ ಗ್ಯಾಸನ್ನು ಕೊನೆಗೆ ತಡೆಯುವುದು ಆ ಮುಚ್ಚಳವೇ. ಔಟ್‌ಡೋರಿನ ಬದಿಯ ತಗಡಿನ ಒಳಗೆ ಮಾರ್ಕರಿನಲ್ಲಿ ತಾರೀಖಿನ ಜೊತೆ "ಪೈಪ್ 11 ಮೀ., ಹೆಚ್ಚುವರಿ 120 ಗ್ರಾಂ, ಒಟ್ಟು 970 ಗ್ರಾಂ" ಎಂದು ಬರೆದು ತಗಡು ಮುಚ್ಚುವಾಗ ನಾಲ್ಕು ಗಂಟೆ.