ಮೂಡ್ ಬರಲಿ, ಆಮೇಲೆ ಮಾಡೋಣ

ಇವತ್ತು ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲೆ ಒಂದು ಕೋತಿ ನನ್ನ ಕೈಲಿದ್ದ ಬಿಸ್ಕತ್ತು ಪ್ಯಾಕೆಟ್ ಕಿತ್ತುಕೊಂಡಿತು. ಹರಿದು ಚೆಲ್ಲಲಿಲ್ಲ. ಅಂಟಿಸಿರುವ ಜಾಗ ಹುಡುಕಿ, ಹಲ್ಲಲ್ಲಿ ತುದಿ ಕಚ್ಚಿ, ನೀಟಾಗಿ ಬಿಚ್ಚಿ, ನನ್ನ ಮುಖ ನೋಡಿಕೊಂಡೇ ಒಂದೊಂದಾಗಿ ತಿಂದಿತು. ಜೋರಾಗಿ ನಗು ಬಂತು. ಹಾಗೆ ನಕ್ಕು ತುಂಬಾ ದಿನ ಆಗಿತ್ತು ಕಣ್ರೀ.

ಈಚೆಗೆ ಯಾವುದಕ್ಕೂ ಮನಸ್ಸೇ ಇರಲಿಲ್ಲ. ಅದೇ ಕೋಲಾರ-ಬೆಂಗಳೂರು ಬಸ್ಸು, ಅದೇ ಕೆಲಸ, ರಾತ್ರಿ ಸುಮ್ನೆ ಮೊಬೈಲ್ ಉಜ್ಜೋದು. ಮೂಡ್ ಬರಲಿ ಅಂತ ಕಾಯುತ್ತಾ ಕೂತರೆ ಅದು ಬರುವುದೇ ಇಲ್ಲ. ಇವತ್ತೂ ಅಷ್ಟೇ, ಅತ್ತಿಗೆ ಬೈದು ಎಬ್ಬಿಸಿದ್ದಕ್ಕೆ ಹೊರಟೆ. ಖಿನ್ನತೆಗೆ ಚಿಕಿತ್ಸೆ ಕೊಡುವವರು ಬಳಸುವ ಬಿಹೇವಿಯರಲ್ ಆಕ್ಟಿವೇಶನ್ ಅನ್ನೋ ವಿಧಾನವೂ ಹೆಚ್ಚುಕಡಿಮೆ ಇದೇ. ಉತ್ಸಾಹಕ್ಕೆ ಕಾಯಬೇಡ, ಮೊದಲು ಸಣ್ಣದೊಂದು ಕೆಲಸ ಮಾಡು, ಮನಸ್ಸು ಹಿಂದಿನಿಂದ ಬರುತ್ತೆ ಅಂತ. (ನಮ್ಮತ್ತಿಗೆ ಫೀಸು ಕೇಳಲ್ಲ, ಅಷ್ಟೇ ವ್ಯತ್ಯಾಸ.)

ಮೇಲೆ ಬಸವನ ಬಾಯಿಂದ ಬೀಳುವ ನೀರಲ್ಲಿ ಮುಖ ತೊಳೆದುಕೊಂಡೆ. ಬೇಜಾರು ಪೂರ್ತಿ ಹೋಯ್ತಾ? ಇಲ್ಲಪ್ಪ. ಆದರೆ ಮನೆಗೆ ಬಂದವಳೇ ಕುರ್ಚಿ ಮೇಲೆ ಗುಡ್ಡೆ ಬಿದ್ದಿದ್ದ ಬಟ್ಟೆಯನ್ನೆಲ್ಲ ಮಡಚಿಟ್ಟೆ, ಯಾರೂ ಹೇಳದೇನೇ. ಭಾನುವಾರ ಬೆಳಗ್ಗೆ ಮತ್ತೆ ಹೋಗ್ತಿದ್ದೀವಿ, ಬರೋರು ಮೆಸೇಜ್ ಮಾಡಿ.