‘ಇದು ಯಾವ ದೇವರು?’ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ತುಮಕೂರಿನ ನಮ್ಮ ಮನೆಗೆ ಮೊದಲ ಸಲ ಬಂದವರು ಹಾಲ್‌ನ ಗೋಡೆ ನೋಡಿ ಕೇಳುವುದು ಒಂದೇ ಪ್ರಶ್ನೆ. ‘ಅಕ್ಕಾ, ಇದು ಯಾವ ದೇವರು?’ ಕೆಲವರಿಗೆ ಆ ಅನುಮಾನವೂ ಇರುವುದಿಲ್ಲ. ‘ದೃಷ್ಟಿ ಬೊಂಬೆ ಅಲ್ವಾ? ಹೊರಗೆ ಕಟ್ಟೋದು ಬಿಟ್ಟು ಒಳಗ್ಯಾಕೆ ಹಾಕಿದ್ದೀರಿ?’ ಅನ್ನುತ್ತಾರೆ.

ಗೋಡೆಯ ಮೇಲೆ ಇರುವುದು ಬಣ್ಣದ ಗಾಜಿನ ಚೂರು ಅಂಟಿಸಿ ಮಾಡಿದ ಮುಖಗಳು. ಉದ್ದ ಮುಖ, ದೊಡ್ಡ ದುಂಡು ಕಣ್ಣು, ದಪ್ಪ ಹುಬ್ಬು, ಈ ಕೆನ್ನೆಯಿಂದ ಆ ಕೆನ್ನೆಗೆ ತೆರೆದ ಬಾಯಿ, ಅದರಲ್ಲಿ ಸಾಲು ಹಲ್ಲು. ಇದಕ್ಕೆ ಟಿಕಿ ಅನ್ನುತ್ತಾರೆ. ದೃಷ್ಟಿ ಬೊಂಬೆ ಅಲ್ಲ. ನಾವು ಪೂಜೆ ಮಾಡುವ ದೇವರೂ ಅಲ್ಲ. ಹಾಗಂತ ಸುಮ್ನೆ ಒಂದು ಕಾರ್ಟೂನ್ ಮುಖ ಅಂತ ತಳ್ಳಿಹಾಕುವುದಕ್ಕೂ ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪೆಸಿಫಿಕ್ ಸಾಗರದ ನಡುವೆ ಪಾಲಿನೇಷ್ಯಾ ಅಂತ ಕರೆಯುವ ದ್ವೀಪಗಳಿವೆ. ಒಂದು ಕಡೆ ಹವಾಯಿ, ಇನ್ನೊಂದು ಕಡೆ ನ್ಯೂಜಿಲೆಂಡ್, ಮತ್ತೊಂದು ತುದಿಯಲ್ಲಿ ಈಸ್ಟರ್ ದ್ವೀಪ. ಅಲ್ಲಿನ ಜನ ದೋಣಿಗಳಲ್ಲಿ ಸಾವಿರಾರು ಮೈಲಿ ದಾಟಿ ಈ ದ್ವೀಪಗಳಲ್ಲಿ ನೆಲೆಸಿದವರು. ಹೋಗುವಾಗ ತೆಂಗಿನಕಾಯಿಯನ್ನೂ ಜೊತೆಗೆ ಒಯ್ದರು. ಕಲ್ಪತರು ನಾಡಿನವಳಾದ ನನಗೆ ಅವರು ಹತ್ತಿರದವರು ಅನಿಸುವುದಕ್ಕೆ ಇಷ್ಟು ಸಾಕು. ನ್ಯೂಜಿಲೆಂಡಿನ ಮಾವೋರಿ ಜನರ ಕಥೆಗಳಲ್ಲಿ ಟಿಕಿ ಅಂದರೆ ಮೊದಲ ಮನುಷ್ಯ. ಮರದಲ್ಲಿ, ಕಲ್ಲಿನಲ್ಲಿ ಕೆತ್ತಿದ ಮನುಷ್ಯರೂಪಕ್ಕೂ ಅದೇ ಹೆಸರು. ಮಾರ್ಕೆಸಾಸ್ ದ್ವೀಪಗಳಲ್ಲಿ ಆಳೆತ್ತರಕ್ಕೂ ಮೀರಿದ ಕಲ್ಲಿನ ಟಿಕಿಗಳು ಇವತ್ತಿಗೂ ನಿಂತಿವೆ. ಅವುಗಳ ತಲೆ ಮೈಗೆ ಹೋಲಿಸಿದರೆ ಎದ್ದು ಕಾಣುವಷ್ಟು ದೊಡ್ಡದು. ಮನುಷ್ಯನ ಶಕ್ತಿ ತಲೆಯಲ್ಲಿ ಇರುತ್ತದೆ ಅನ್ನುವುದು ಅವರ ನಂಬಿಕೆ. ಹವಾಯಿಯಲ್ಲಿ 1819ರಲ್ಲಿ ಅರಸರೇ ಹಳೆಯ ಧಾರ್ಮಿಕ ಕಟ್ಟಳೆಯನ್ನು ತೆಗೆದುಹಾಕಿದಾಗ ಎಷ್ಟೋ ಮರದ ಮೂರ್ತಿಗಳು ಬೆಂಕಿಗೆ ಹೋದವು. ಉಳಿದ ಕೆಲವು ಈಗ ದೊಡ್ಡ ಮ್ಯೂಸಿಯಂಗಳಲ್ಲಿವೆ.

ಈಗ ಜಗತ್ತೆಲ್ಲ ನೋಡುವ ನಗುಮುಖದ ಟಿಕಿ ಹುಟ್ಟಿದ್ದು ಮಾತ್ರ ಅಮೆರಿಕದಲ್ಲಿ. ಅಲ್ಲಿ ಮದ್ಯನಿಷೇಧ ಮುಗಿದದ್ದು 1933ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಾಲಿವುಡ್‌ನಲ್ಲಿ ಡಾನ್ ದಿ ಬೀಚ್‌ಕೋಂಬರ್ ಅನ್ನುವ ಬಾರ್ ಶುರುವಾಯಿತು. ಬಿದಿರು, ಬೆತ್ತ, ಗರಿಯ ಚಪ್ಪರ ಹಾಕಿ ದ್ವೀಪದಲ್ಲಿ ಕೂತ ಹಾಗೆ ಅನಿಸುವಂತೆ ಮಾಡಿದ್ದರು. ಎರಡನೇ ಮಹಾಯುದ್ಧ ಮುಗಿದು ಪೆಸಿಫಿಕ್‌ನಿಂದ ಸೈನಿಕರು ಊರಿಗೆ ಮರಳಿದ ಮೇಲೆ ಆ ಮೋಹ ಜಾಸ್ತಿಯಾಯಿತು. 1959ರಲ್ಲಿ ಹವಾಯಿ ಅಮೆರಿಕದ ಐವತ್ತನೇ ರಾಜ್ಯವಾಯಿತು. ಮಗ್, ದೀಪ, ಹೋಟೆಲ್ ಬೋರ್ಡು ಎಲ್ಲದರ ಮೇಲೂ ಟಿಕಿ ಮುಖ. ಅದೇ ಕಾಲದಲ್ಲಿ ಅಲ್ಲಿನ ಮನೆಗಳಲ್ಲಿ ಟ್ರೇಗೆ, ಟೀಪಾಯಿಗೆ ಗಾಜಿನ ಚೂರು ಅಂಟಿಸಿ ಮೊಸಾಯಿಕ್ ಮಾಡುವ ಹವ್ಯಾಸವೂ ಜೋರಾಗಿತ್ತು. ನನ್ನ ಕೆಲಸದಲ್ಲಿ ಈ ಎರಡೂ ಸೇರಿವೆ.

ಹಾಗಾಗಿ ‘ಯಾವ ದೇವರು’ ಅಂತ ಕೇಳಿದವರಿಗೆ ನಾನು ಹೇಳುವುದು ಇಷ್ಟು: ಇದು ಬೇರೆಯವರ ಹಿರಿಯರ ಮುಖದ ಜಾಡಿನಲ್ಲಿ ಬಂದ ಅಲಂಕಾರದ ಮುಖ. ಮೂಲ ಅವರದ್ದು, ಮರ್ಯಾದೆ ಕೊಡುವುದು ನಮ್ಮ ಜವಾಬ್ದಾರಿ. ಆದ್ದರಿಂದ ನಾನು ಮ್ಯೂಸಿಯಂನಲ್ಲಿರುವ, ಹೆಸರಿಟ್ಟು ಪೂಜಿಸಿದ ಮೂರ್ತಿಯನ್ನು ನೋಡಿ ನಕಲು ಮಾಡುವುದಿಲ್ಲ. ಮಾವೋರಿಗಳು ಕೊರಳಿಗೆ ಹಾಕಿಕೊಳ್ಳುವ ಹಸಿರು ಕಲ್ಲಿನ ಹೇ ಟಿಕಿಯನ್ನೂ ಮಾಡುವುದಿಲ್ಲ. ಅದು ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವ ಒಡವೆ. ಹುಬ್ಬು, ಕಣ್ಣು, ಬಾಯಿ ನನ್ನದೇ ಗೆರೆಯಲ್ಲಿ ಬರೆದುಕೊಳ್ಳುತ್ತೇನೆ. ಬಚ್ಚಲಿಗೆ, ಕಾಲೊರೆಸುವ ಜಾಗಕ್ಕೆ ಕೇಳಿದರೆ ಮೀನು, ಆಮೆ, ಎಲೆ ಮಾಡಿಕೊಡುತ್ತೇನೆ. ಮುಖ ಮಾಡಿಕೊಡುವುದಿಲ್ಲ.

‘ಸರಿ, ಆದರೂ ಇದೇ ಮುಖ ಯಾಕೆ?’ ಅಂತ ಮುಂದಿನ ಪ್ರಶ್ನೆ. ಗಾಜಿಗೆ ಹೇಳಿಮಾಡಿಸಿದ ಮುಖ ಇದು. ಟಿಕಿಯನ್ನು ಮೊದಲು ಮಾಡಿದವರು ಮರವನ್ನು, ಕಲ್ಲನ್ನು ಉಳಿಯಲ್ಲಿ ಕಡಿದು ಮಾಡಿದವರು. ಅದರಲ್ಲಿ ನುಣುಪಾದ ಕೆನ್ನೆ, ಮೆಲ್ಲನೆ ಇಳಿಯುವ ನೆರಳು ಇಲ್ಲ. ಎಲ್ಲ ದಪ್ಪ ಗೆರೆ, ಒಂದರ ಪಕ್ಕ ಒಂದು ಮಟ್ಟ. ಗಾಜಿನ ಚೂರೂ ಹಾಗೆಯೇ. ಅದಕ್ಕೆ ಅಂಚು ಇದೆ, ಬಣ್ಣ ಇದೆ, ಒಂದು ಬಣ್ಣದಿಂದ ಇನ್ನೊಂದಕ್ಕೆ ಜಾರುವುದು ಅದಕ್ಕೆ ಬರುವುದಿಲ್ಲ. ಕೃಷ್ಣನ ಮುಖವನ್ನು ಸಣ್ಣ ಚೂರಿನಲ್ಲಿ ಮಾಡಬೇಕಾದರೆ ಆ ಮೃದುತನ ತರಲು ಒದ್ದಾಡಬೇಕು. ಟಿಕಿಗೆ ಗಾಜಿನ ಒರಟುತನವೇ ರೂಪ ಕೊಡುತ್ತದೆ.

ಒಂದು ಕಣ್ಣು ಹೇಗೆ ಆಗುತ್ತದೆ ಅಂತ ಹೇಳುತ್ತೇನೆ, ಕೇಳಿ. ಪ್ಲೈವುಡ್ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಸುತ್ತು. ನಡುವೆ ಒಂದು ಕಪ್ಪು ಚೂರು. ಚೌಕದ ಟೈಲಿನ ನಾಲ್ಕು ಮೂಲೆ ಸ್ವಲ್ಪ ಸ್ವಲ್ಪವೇ ಕಚ್ಚಿ ತೆಗೆದರೆ ಅದು ದುಂಡಗಾಗುತ್ತದೆ. ಅದರ ಸುತ್ತ ಬಿಳಿ ಚೂರು. ಇವು ಚೌಕ ಇದ್ದರೆ ಸುತ್ತು ತಿರುಗುವುದಿಲ್ಲ. ಹೊರಗೆ ಅಗಲ, ಒಳಗೆ ಕಿರಿದು ಇರಬೇಕು, ಬಾವಿಕಟ್ಟೆಯ ಕಲ್ಲಿನ ಹಾಗೆ. ಬಿಳಿಯ ಹೊರಗೆ ಗಾಢ ಕಂದು, ಅದರಾಚೆ ಹುಬ್ಬು. ಹುಬ್ಬಿನ ಚೂರುಗಳೂ ಕಣ್ಣಿನ ಸುತ್ತನ್ನೇ ಹಿಂಬಾಲಿಸಿ ಸಾಲಾಗಿ ಕೂರಬೇಕು. ಸಾಲು ಎಲ್ಲಿ ತಿರುಗುತ್ತದೋ ಅಲ್ಲಿ ಮುಖ ಉಬ್ಬಿದಂತೆ ಕಾಣುತ್ತದೆ. ಬಣ್ಣ ಎಷ್ಟೇ ಚೆನ್ನಾಗಿದ್ದರೂ ಸಾಲು ದಿಕ್ಕು ತಪ್ಪಿದರೆ ಮುಖ ಸತ್ತುಹೋಗುತ್ತದೆ. ಹೊಸಬರಿಗೆ ಬಣ್ಣ ಆರಿಸುವುದಕ್ಕಿಂತ ಮೊದಲು ಸಾಲು ಹಾಕುವುದನ್ನೇ ಕಲಿಯಿರಿ ಅನ್ನುತ್ತೇನೆ.

ಹಲ್ಲು ಸುಲಭ. ಬಿಳಿ ಟೈಲನ್ನು ನಟ್ಟನಡುವೆ ಎರಡು ಮಾಡಿ ನಿಲ್ಲಿಸಿದರಾಯಿತು.

ಸಾಮಾನು ಬೆಂಗಳೂರಿನಿಂದಲೇ ತರಬೇಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಬೇಕಿಲ್ಲ. ಈಜುಕೊಳಕ್ಕೆ, ಬಾತ್‌ರೂಮಿಗೆ ಹಾಕುವ ಗಾಜಿನ ಟೈಲ್ಸ್ ಟೈಲ್ಸ್ ಅಂಗಡಿಯಲ್ಲೇ ಸಿಗುತ್ತದೆ. 20 ಮಿಲಿಮೀಟರ್ ಚೌಕ, 4 ಮಿಲಿಮೀಟರ್ ದಪ್ಪ. ಹಾಳೆಗೋ ಬಲೆಗೋ ಅಂಟಿಸಿರುತ್ತಾರೆ. ಸಾಮಾನ್ಯವಾಗಿ ಒಂದು ಹಾಳೆಯಲ್ಲಿ 225 ಚೂರು. ಕಾಗದಕ್ಕೆ ಅಂಟಿಸಿದ್ದಾದರೆ ನೀರಿನಲ್ಲಿ ನೆನೆಹಾಕಿ, ತಾನಾಗಿಯೇ ಬಿಡುತ್ತದೆ. ಕೊನೆಯಲ್ಲಿ ಉಳಿದ ಒಂದೆರಡು ಹಾಳೆಯನ್ನು ಅಂಗಡಿಯವರು ಕಡಿಮೆಗೆ ಕೊಟ್ಟುಬಿಡುತ್ತಾರೆ, ಕೇಳಿ ನೋಡಿ. ಟಿಕಿಗೆ ಬೇಕಾದ ಕಂದು, ಕಾವಿ, ಒಳಗೆ ತಾಮ್ರದ ಮಿನುಗು ಇರುವ ಟೈಲ್ಸ್ ಹೀಗೇ ಸಿಗುತ್ತವೆ. ಕಿಟಕಿಗೆ ಹಾಕುವ ಬಣ್ಣದ ಗಾಜಿನ ಚೂರು ಗ್ಲಾಸ್ ಅಂಗಡಿಯಲ್ಲಿ, ಫ್ರೇಮ್ ಹಾಕುವವರ ಹತ್ತಿರ ಸಿಗುತ್ತದೆ. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು ಮಾತ್ರ ತರಬೇಡಿ. ಅದನ್ನು ಕತ್ತರಿಸಲು ಹೋದರೆ ಪೂರ್ತಿ ಪುಡಿಪುಡಿಯಾಗುತ್ತದೆ. ಬಳೆ ಅಂಗಡಿಯಲ್ಲಿ ಮುರಿದುಹೋದ ಗಾಜಿನ ಬಳೆ ಒಂದು ಡಬ್ಬದಲ್ಲಿ ಬಿದ್ದಿರುತ್ತದೆ. ಹಸಿರು ಬಳೆಯ ಬಾಗಿದ ಚೂರು ರೆಪ್ಪೆಗೆ, ತಲೆಯ ಮೇಲಿನ ಗರಿಗೆ ತುಂಬಾ ಚೆನ್ನಾಗಿ ಒಪ್ಪುತ್ತದೆ. ಇದು ಅಮೆರಿಕದವರ ಟಿಕಿಯಲ್ಲಿ ಇಲ್ಲದ್ದು, ನಮ್ಮೂರಿನ ಸೇರ್ಪಡೆ.

ಕತ್ತರಿಸಲು ಎರಡು ಪುಟ್ಟ ಚಕ್ರ ಇರುವ ಇಕ್ಕಳ ಬರುತ್ತದೆ. ಟೈಲನ್ನು ಪೂರ್ತಿ ಒಳಗೆ ತೂರಿಸಬಾರದು. ಅಂಚು ಮಾತ್ರ ಚಕ್ರಗಳ ನಡುವೆ ಇಟ್ಟು ಅಮುಕಬೇಕು. ಸೀಳು ತಾನಾಗಿಯೇ ಆ ಬದಿಗೆ ಓಡುತ್ತದೆ. ಕೈ ಕುಯ್ಯಲ್ವಾ ಅಂತ ಕೇಳುತ್ತಾರೆ. ಕೈಗಿಂತ ಕಣ್ಣಿನ ಬಗ್ಗೆ ಭಯ ಇರಲಿ. ಕನ್ನಡಕ ಹಾಕದೆ ಒಂದು ಚೂರನ್ನೂ ಕತ್ತರಿಸಬೇಡಿ. ಪಾರದರ್ಶಕ ಪ್ಲಾಸ್ಟಿಕ್ ಕವರಿನ ಒಳಗೆ ಕೈ ಇಟ್ಟು ಕತ್ತರಿಸಿದರೆ ಚೂರು ಹಾರುವುದಿಲ್ಲ. ಊಟದ ಮೇಜಿನ ಮೇಲೆ ಈ ಕೆಲಸ ಬೇಡವೇ ಬೇಡ. ನೆಲದಲ್ಲಿ ಉಳಿದ ಸಣ್ಣ ಪುಡಿಯನ್ನು ಕೈಯಲ್ಲಿ ಸವರಬೇಡಿ. ಒದ್ದೆ ಹಿಟ್ಟಿನ ಉಂಡೆಯನ್ನು ಒತ್ತಿ ಒತ್ತಿ ತೆಗೆಯಿರಿ, ಆಮೇಲೆ ಅದನ್ನು ಕಾಗದದಲ್ಲಿ ಸುತ್ತಿ ಎಸೆಯಿರಿ.

ಅಂಟಿಗೆ ಮನೆಯೊಳಗಾದರೆ ಫೆವಿಕಾಲ್ ಸಾಕು. ಹೊರಗೆ ಮಳೆ ಬೀಳುವ ಜಾಗಕ್ಕೆ ಅದು ನಡೆಯುವುದಿಲ್ಲ. ಪ್ಲೈವುಡ್ ಬದಲು ಸಿಮೆಂಟ್ ಬೋರ್ಡ್, ಫೆವಿಕಾಲ್ ಬದಲು ಗಾಜಿನ ಟೈಲ್ಸಿಗೆ ಬಳಸುವ ಬಿಳಿ ಅಂಟು ಬೇಕು. ಬೆಳಕು ಹಾಯುವ ಗಾಜಿನ ಹಿಂದೆ ಬೂದು ಅಂಟು ಹಾಕಿದರೆ ಬಣ್ಣವೆಲ್ಲ ಕೊಳಕಾಗಿ ಕಾಣುತ್ತದೆ. ಒಣಗಿದ ಮೇಲೆ ಸಂದಿಗೆ ಗ್ರೌಟ್, ಅಂದರೆ ಟೈಲ್ಸ್ ಸಂದಿ ಮುಚ್ಚುವ ಸಿಮೆಂಟಿನ ಕಲಸು, ತುಂಬಬೇಕು. ಟಿಕಿಗೆ ಗಾಢ ಬೂದು ಬಣ್ಣವೇ ಸರಿ. ಬಿಳಿ ಗ್ರೌಟ್ ಎಲ್ಲ ಬಣ್ಣವನ್ನೂ ತಿಂದುಹಾಕುತ್ತದೆ. ಕೈಗೆ ಗ್ಲೌಸ್ ಇರಲಿ, ಸಿಮೆಂಟ್ ಚರ್ಮ ಸುಡುತ್ತದೆ. ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೇ ಗಟ್ಟಿಯಾಗುತ್ತದೆ. ಇನ್ನೊಂದು ಮಾತು. ಒಂದು ಚದರ ಅಡಿಗೆ ಗಾಜೇ ಹತ್ತಿರ ಹತ್ತಿರ ಒಂದು ಕೆಜಿ ಬರುತ್ತದೆ. ಮೊಳೆಗೆ ನೇತುಹಾಕಬೇಡಿ. ಗೋಡೆಗೆ ಪ್ಲಗ್ ಹೊಡೆಸಿ ಸ್ಕ್ರೂ ಹಾಕಿಸಿ.

ದೊಡ್ಡವರು ಕೆಲವರು ಮೆಲ್ಲಗೆ ಕೇಳುವುದು ಬೇರೆ. ‘ಒಡೆದ ಗಾಜು ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತಾರಲ್ಲಮ್ಮ?’ ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಒಡೆದ ಕನ್ನಡಿ ಮೂಲೆಯಲ್ಲಿ ಬಿದ್ದಿದ್ದರೆ ಯಾರ ಕಾಲಿಗಾದರೂ ಚುಚ್ಚುತ್ತದೆ, ಮಕ್ಕಳ ಕೈಗೆ ಸಿಗುತ್ತದೆ. ಅದನ್ನು ಇಟ್ಟುಕೊಳ್ಳಬಾರದು, ನಿಜ. ಇಲ್ಲಿ ಚೂರಿನ ಅಂಚು ಒಂದೂ ಹೊರಗಿಲ್ಲ. ಎಲ್ಲ ಗ್ರೌಟಿನಲ್ಲಿ ಹೂತಿದೆ. ಕೈ ಸವರಿ ನೋಡಿ ಅನ್ನುತ್ತೇನೆ. ಸವರಿ ನೋಡಿದವರು ಮತ್ತೆ ಆ ಮಾತು ಎತ್ತಿಲ್ಲ.

ಹೊಸ ಮನೆ ಕಟ್ಟಿಸುವವರು ‘ನಮ್ಮ ಬಿಲ್ಡಿಂಗಿಗೂ ದೃಷ್ಟಿಗೆ ಅಂತ ಇಂಥದ್ದೊಂದು ಮಾಡಿಕೊಡಿ’ ಅಂತ ಆಗಾಗ ಕೇಳುತ್ತಾರೆ. ಆಗಲ್ಲ ಅನ್ನುತ್ತೇನೆ. ದೃಷ್ಟಿಗೆ ನಮ್ಮಲ್ಲಿ ಮೀಸೆ ಹೊತ್ತ ಬೊಂಬೆ ಇದೆ, ಬೂದುಗುಂಬಳ ಇದೆ. ಬೇರೆಯವರ ಹಿರಿಯರನ್ನು ನಮ್ಮ ಮನೆ ಕಾವಲಿಗೆ ನಿಲ್ಲಿಸುವುದು ಬೇಡ.

ಇತ್ತೀಚೆಗೆ ಕೆಲವರು ಸೋಮನ ಮುಖ ಮಾಡಿ ಅನ್ನುತ್ತಿದ್ದಾರೆ. ನಮ್ಮ ಕಡೆ ಗ್ರಾಮದೇವತೆಯ ಹಬ್ಬದಲ್ಲಿ ದೊಡ್ಡ ಮುಖವಾಡ ಹೊತ್ತು ಕುಣಿಯುವ ಸೋಮನ ಕುಣಿತ ನೋಡಿದವರಿಗೆ ಗೊತ್ತು. ಕೆಂಪು ಮುಖ, ಹಳದಿ ಮುಖ, ಅರಳಿದ ಕಣ್ಣು, ದಪ್ಪ ಗೆರೆ. ಅದೂ ಗಾಜಿಗೆ ಚೆನ್ನಾಗಿ ಒಪ್ಪುತ್ತದೆ, ಕೈಯೂ ತುಡಿಯುತ್ತದೆ. ಆದರೆ ಅದು ಪೂಜೆಯಾಗುವ ಮುಖ, ಹೊರುವವರು ಮಡಿಯಲ್ಲಿ ಹೊರುವ ಮುಖ. ದೂರದ ದ್ವೀಪದವರಿಗೆ ಕೊಡುವ ಮರ್ಯಾದೆ ಪಕ್ಕದ ಊರಿನವರಿಗೂ ಕೊಡಬೇಕಲ್ವಾ? ಈ ಸಲ ಹಬ್ಬಕ್ಕೆ ಹೋದಾಗ ಸೋಮ ಹೊರುವ ಹಿರಿಯರ ಹತ್ತಿರ ಕೂತು ಕೇಳುತ್ತೇನೆ. ಅವರು ಹೂಂ ಅಂದರೆ ಮಾಡುತ್ತೇನೆ.