ನಡಾವಳಿ ಪುಸ್ತಕದಲ್ಲಿ ನನ್ನ ಸಹಿ

ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ತುಮಕೂರಿಗೆ ಮರಳಿದ ವರ್ಷವೇ ಇಲ್ಲಿನ ಖಾಸಗಿ ಪದವಿ ಕಾಲೇಜೊಂದರ ಆಡಳಿತ ಮಂಡಳಿಗೆ ನನ್ನನ್ನು ಸೇರಿಸಿಕೊಂಡರು. ಶಾಲು ಹೊದಿಸಿ ಬರಮಾಡಿಕೊಂಡ ಮೊದಲ ಸಭೆಯಲ್ಲಿ ನಡಾವಳಿ ಪುಸ್ತಕ ಸಹಿಗೆಂದು ನನ್ನ ಮುಂದೆ ಬಂದಾಗ ಚರ್ಚೆಯೇ ಆರಂಭವಾಗಿರಲಿಲ್ಲ. ನಿರ್ಣಯಗಳೆಲ್ಲ ಆಗಲೇ ಬರೆದು ಸಿದ್ಧವಾಗಿದ್ದವು. ಹೊಸಬನೆಂಬ ಸಂಕೋಚದಲ್ಲಿ ಸಹಿ ಹಾಕಿಬಿಟ್ಟೆ. ಆ ಸಹಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಾಲೇಜಿನ ದಿನನಿತ್ಯದ ಆಡಳಿತ ಪ್ರಾಚಾರ್ಯರದು, ಪಠ್ಯ ಮತ್ತು ಪರೀಕ್ಷೆ ವಿಶ್ವವಿದ್ಯಾನಿಲಯದ್ದು. ಇವುಗಳಲ್ಲಿ ನಾವು ಕೈಹಾಕಬಾರದು. ಪರಿಚಯದವರ ಮಗನಿಗೆ ಹಾಜರಾತಿ ಕೊಡಿರೆಂದು ಪ್ರಾಚಾರ್ಯರಿಗೆ ಫೋನ್ ಮಾಡುವುದಂತೂ ಸಲ್ಲದು. ಮಂಡಳಿ ನೋಡಬೇಕಾದದ್ದು ಹಣ, ನೇಮಕ ಮತ್ತು ಕಾನೂನಿನ ಪಾಲನೆ.

ಆಯವ್ಯಯ ಪಟ್ಟಿಯನ್ನು ಸಭೆಯ ದಿನವೇ ಕೈಗಿತ್ತು, ಕಾಫಿ ಮುಗಿಯುವಷ್ಟರಲ್ಲಿ ಒಪ್ಪಿಗೆ ಪಡೆಯುವುದು ನಮ್ಮಲ್ಲಿ ರೂಢಿಯಾಗಿತ್ತು. ಒಮ್ಮೆ ವಾರಕ್ಕೆ ಮೊದಲೇ ಲೆಕ್ಕಪತ್ರ ತರಿಸಿಕೊಂಡು ಕುಳಿತಾಗ, ಸಿಬ್ಬಂದಿಯ ಸಂಬಳದಿಂದ ಭವಿಷ್ಯ ನಿಧಿಗೆಂದು ಶೇ. 12ರಂತೆ ಹಿಡಿದು, ಮರುತಿಂಗಳ 15ರೊಳಗೆ ಕಟ್ಟಲೇಬೇಕಾದ ಹಣ ಮೂರು ತಿಂಗಳಿಂದ ಕಾಲೇಜಿನ ಖಾತೆಯಲ್ಲೇ ಉಳಿದಿದ್ದುದು ಕಣ್ಣಿಗೆ ಬಿತ್ತು. ಹೊಸ ಕಟ್ಟಡದ ಗುತ್ತಿಗೆದಾರರಿಗೆ ಮಾತ್ರ ಹಣ ಸಕಾಲಕ್ಕೆ ಸಂದಿತ್ತು. “ಬರೋ ತಿಂಗಳು ಸರಿಹೋಗುತ್ತೆ ಬಿಡಿ ಸಾರ್” ಎಂದರು ಕಾರ್ಯದರ್ಶಿಗಳು. ಅಟೆಂಡರ್ ಒಬ್ಬರ ಸಂಬಳದಿಂದ ಹಿಡಿದ ಹಣ ಅವರದೇ ಹೊರತು ಕಾಲೇಜಿನದಲ್ಲ, ತಡವಾದರೆ ಬೀಳುವ ಬಡ್ಡಿ ಮತ್ತು ದಂಡವನ್ನು ಮಕ್ಕಳು ಕಟ್ಟಿದ ಶುಲ್ಕದಿಂದಲೇ ತೆರಬೇಕಾಗುತ್ತದೆ ಎಂದು ವಿವರಿಸಿ, ಆ ಮಾತನ್ನು ನಡಾವಳಿಯಲ್ಲಿ ದಾಖಲಿಸಿದ ಮೇಲೆಯೇ ಸಹಿ ಮಾಡಿದೆ.

ಸಂದರ್ಶನಕ್ಕೆ ಸ್ವಂತ ಬಂಧು ಬಂದರೆ ಸದಸ್ಯರು ಎದ್ದು ಹೊರಗೆ ಹೋಗಬೇಕು. ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆಯಂತೆ ಇರಬೇಕಾದ ಆಂತರಿಕ ಸಮಿತಿ ಫಲಕದ ಮೇಲಷ್ಟೇ ಇದೆಯೋ, ನಿಜಕ್ಕೂ ಸಭೆ ಸೇರುತ್ತಿದೆಯೋ ಎಂದು ವಿಚಾರಿಸಬೇಕು. ವಿಚಾರಣೆಯಿಲ್ಲದೆ ಯಾರನ್ನಾದರೂ ಕೆಲಸದಿಂದ ತೆಗೆದರೆ ಅವರು ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಯ ಮೊರೆ ಹೋಗಬಹುದು. ಅಲ್ಲಿ ನಮ್ಮ ನೆನಪಿಗಿಂತ ಹೆಚ್ಚಾಗಿ ಮಾತಾಡುವುದು ಆ ನಡಾವಳಿ ಪುಸ್ತಕವೇ.

ಈಗ ಕಾರ್ಯಸೂಚಿಯ ಜೊತೆಗೇ ಭವಿಷ್ಯ ನಿಧಿಯ ಚಲನ್ ಪ್ರತಿ ಮನೆಗೆ ಬರುತ್ತಿದೆ. ಕಟ್ಟಡದ ಬಿಲ್ಲುಗಳು ಮಾತ್ರ ಇನ್ನೂ ಸಭೆಯ ದಿನವೇ ಮೇಜಿಗೆ ಬರುತ್ತಿದ್ದು, ಅವನ್ನೂ ಮುಂಚಿತವಾಗಿ ಕಳುಹಿಸುವಂತೆ ಕಳೆದ ವಾರ ಲಿಖಿತವಾಗಿ ಕೇಳಿದ್ದೇನೆ.